ಹುಳ ಮುಟ್ಟೇತಿ

‘ಕಡಿತ’ ಬೇಡ, ಬೇರೆ ಪದ ಹಾಕು, ಅಂದರು ಸಾಹೇಬರು,
ಸುವರ್ಣಸೌಧದ ಗುಮ್ಮಟ ಕಂಡ ಮೇಲೆ, ಕಾರಿನೊಳಗೇ.
ಬೆಳಗಾವಿಯ ಡಿಸೆಂಬರ್ ಚಳಿ, ನನ್ನ ಮೊಣಕಾಲ ಮೇಲೆ ಫೈಲು.
ಹನ್ನೊಂದು ಆರೋಗ್ಯ ಕೇಂದ್ರ, ರಾತ್ರಿ ಪಾಳಿ ನಿಂತರೆ
ವರ್ಷಕ್ಕೆ ಇಷ್ಟು ಉಳಿತಾಯ. ಲೆಕ್ಕ ನಾನೇ ಹಾಕಿದ್ದು,
ಮೂರು ಸಲ ಕೂಡಿಸಿದ್ದು, ತಪ್ಪಿಲ್ಲ.
ಹತ್ತರಿಂದ ಆರರವರೆಗೆ ಸರಾಸರಿ ರೋಗಿ: ಒಂದೂಕಾಲು.
ಒಂದೂಕಾಲು ರೋಗಿಗೆ ಒಬ್ಬ ನರ್ಸು, ಒಂದು ದೀಪ,
ಔಷಧದ ಸೀಸೆ ಕಾಯುವ ಒಂದು ಫ್ರಿಜ್.
ಆ ಕಾಲು ಯಾರದೆಂದು ನಾನು ಕೇಳಿರಲಿಲ್ಲ.

ಹೊಂದಾಣಿಕೆ, ಅಂದೆ. ಮರುವಿನ್ಯಾಸ, ಅಂದೆ.
‘ಸಮನ್ವಯ’ ಅಂದಾಗ, ‘ಇದು ಚಲೋ ಅದ’ ಅಂದರು.
ಸ್ಟೇರಿಂಗಿನಿಂದ ಮುಖ ತಿರುಗಿಸದೆ ರಾಜೇಸಾಬ ಅಂದ:
‘ನಮ್ಮ ಕಡೆ ರಾತ್ರಿ ಹಾವು ಅನ್ನೂದಿಲ್ರಿ, ಹುಳ ಅಂತೇವಿ.
ಕಡೀತು ಅನ್ನೂದಿಲ್ಲ, ಮುಟ್ಟೇತಿ ಅಂತೇವಿ.
ಹಂಗಂದ್ರ ವಿಷ ಏನ್ ಕಡಿಮಿ ಆಗೂದಿಲ್ಲ ಬಿಡ್ರಿ.’

ನಾಲ್ಕು ನಿಮಿಷ ಮಾತಾಡಿದರು.
ಅರ್ಧ ಸದನ ಊಟಕ್ಕೆ ಎದ್ದಿತ್ತು, ಉಳಿದರ್ಧ ಮೊಬೈಲಿನಲ್ಲಿ.
ಮರುದಿನ ಐದನೇ ಪುಟ, ಎರಡು ಕಾಲಂ:
‘ರಾತ್ರಿ ಆಸ್ಪತ್ರೆಗೆ ಕಡಿತ?’
ಹೊಸಿಲಾಚೆ ಅಟ್ಟಿದ ಪದ
ಹಿತ್ತಲ ಬಾಗಿಲಿಂದ ಬಂದು ನಡುಮನೆಯಲ್ಲಿ ಕೂತಿತ್ತು.

ಮುಧೋಳದಲ್ಲಿ ಯಾರೂ ಕೂಗಲಿಲ್ಲ. ಪ್ರತಿಕೃತಿ ಸುಡಲಿಲ್ಲ.
ಕಬ್ಬಿನ ಟ್ರ್ಯಾಕ್ಟರುಗಳು ಎಂದಿನಂತೆ ದಾರಿ ಕಟ್ಟಿ ನಿಂತಿದ್ದವು,
ಅಷ್ಟೇ, ಹಿಂದೆ ಸರಿದು ದಾರಿ ಬಿಡಲಿಲ್ಲ.
ಗಿರಿಮಲ್ಲಪ್ಪ ಬಂದ. ಓಣಿ ಓಣಿಯ ಓಟು
ಅಂಗೈಯ ತಂಬಾಕಿನಂತೆ ತಿಕ್ಕಿ ಎಣಿಸುವವನು.
‘ನಾಕ ಸಾವಿರದಾಗ ಆರಿಸಿ ಬಂದವರು ನೀವು.
ಬಿಲ್ಲು ತಡಾ ಆತಂದ್ರ ಬೈತಾರ, ಮರೀತಾರ.
ರಸ್ತಾ ಕೆಟ್ಟಿತಂದ್ರ ಬೈತಾರ, ಮರೀತಾರ.
ನಡುರಾತ್ರಿ ದೀಪ ಹತ್ತಿದ್ದ ಬಾಗಿಲಾ
ಯಾರೂ ಮರಿಯೂದಿಲ್ಲ, ಸಾಹೇಬ್ರ.’
ಸುಣ್ಣ ಹಚ್ಚಿಕೊಂಡು ಎದ್ದು ಹೋದ. ಚಹಾ ಹಾಗೇ ಉಳಿಯಿತು.

ಸಾಹೇಬರು ಕೆಟ್ಟವರಲ್ಲ. ಇದನ್ನೂ ಬರೆದಿಡಬೇಕು.
ಉಳಿದ ಹಣ ಸೋರುವ ಶಾಲೆಗಳ ಮಾಳಿಗೆಗೆ,
ಹಾಗೆಂದು ಅವರು ನಿಜಕ್ಕೂ ನಂಬಿದ್ದರು.
ಮಾಳಿಗೆಯ ಮಾತು ಒಬ್ಬರೂ ಎತ್ತಲಿಲ್ಲ.

ಸೋಮವಾರ ಲಗಮವ್ವ. ಕಬ್ಬು ಕಡಿಯುವ ಗ್ಯಾಂಗಿನವಳು.
ಕುರ್ಚಿ ಕೊಟ್ಟರೂ ನೆಲದ ಮೇಲೆ ಕೂತಳು,
ಸೀರೆಯ ಅಂಚು ಬೆರಳಗಲ ಸರಿಸಿದಳು.
ಗಂಟಿನ ಮೇಲೆ ಎರಡು ಸಣ್ಣ ಸೊನ್ನೆ, ಒಂದರ ಮೇಲೊಂದು,
ಮಾಸಿ ತಿಳಿಯಾಗಿದ್ದವು.
‘ರಾತ್ರಿ ಎರಡಕ್ಕ. ನೀರ ಕಟ್ಟಾಕ ಹೋಗಿದ್ಯಾ.
ಸಿಸ್ಟರ್ ಸಕೀನಾಬಾಯಿ ಒಬ್ಬಾಕಿನ ಇದ್ದಳು.’
ಆಮೇಲೆ, ದೂರು ಹೇಳುವ ದನಿಯಲ್ಲದೆ:
‘ಹ್ವಾದ ಸಲ ನಿಮಗ ಹಾಕೇನ್ರಿ.
ಇದ ಕಾಲಿಲೆ ನಡಕೋಂತ ಹೋಗಿ ಹಾಕೇನಿ.’
ಅಂಚು ಇಳಿಸಿದಳು. ಮುಂದಿನ ಸಲದ ಮಾತು ಆಡಲಿಲ್ಲ.
ಸಾಹೇಬರು ಗಡಿಯಾರ ನೋಡುತ್ತಿದ್ದವರು
ನೋಡುವುದನ್ನು ಬಿಟ್ಟಿದ್ದರು.

ರಾತ್ರಿ ಹನ್ನೊಂದಕ್ಕೆ ಫೋನು:
‘ನಾ ಹಂಗ ಅಂದೇ ಇಲ್ಲ ಅಂತ ಒಂದು ಪ್ರಕಟಣೆ ಕೊಡು.
ಫೈಲಿಗೆ ಪುನಃಪರಿಶೀಲನೆ ಅಂತ ಬರಿ.’
ಉಳಿದದ್ದು ನರ್ಸೋ, ಕುರ್ಚಿಯೋ, ನನಗೆ ತಿಳಿಯದು.
ಹೆದರಿಕೆಗೂ ಕರುಣೆಗೂ ಲೆಡ್ಜರಿನಲ್ಲಿ
ಬೇರೆ ಬೇರೆ ಕಾಲಂ ಇಲ್ಲ.

ಕಂಪ್ಯೂಟರಿನ ಮುಂದೆ ಕೂತೆ.
ಪು. ನ.
ಆಮೇಲೆ ಒಂದರ ಮೇಲೊಂದು ಎರಡು ಸೊನ್ನೆ.
ಇಪ್ಪತ್ತೆರಡು ವರ್ಷ ಕುಟ್ಟಿದ ಬೆರಳು
ಆ ಗುರುತಿನ ಕೀಲಿ ಯಾವುದೆಂದು ಮರೆತು
ಹುಡುಕುತ್ತಾ ನಿಂತಿತು.